ಸ್ಕೌಟ್ ಮಾಸ್ತರರಿಗೆ ಸಲ್ಲಬೇಕಾದದ್ದು



ಸ್ಕೌಟ್ ಚಳವಳಿ ಹುಟ್ಟಿದ ಕಥೆಯನ್ನು ನಾವು ಯಾವಾಗಲೂ ಬೇಡನ್ ಪೊವೆಲ್ ಅವರಿಂದ ಶುರುಮಾಡುತ್ತೇವೆ. 1907ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ಎಂಬ ಸಣ್ಣ ದ್ವೀಪದಲ್ಲಿ ಅವರು ಇಪ್ಪತ್ತರಷ್ಟು ಹುಡುಗರನ್ನು ಸೇರಿಸಿ ಶಿಬಿರ ನಡೆಸಿದರು. ಸಿರಿವಂತರ ಮಕ್ಕಳೂ ದುಡಿಯುವವರ ಮಕ್ಕಳೂ ಅಲ್ಲಿ ಒಟ್ಟಿಗೆ ಇದ್ದು, ಒಟ್ಟಿಗೆ ಉಂಡರು. ಮರುವರ್ಷ ಅವರ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಪುಸ್ತಕ ಕಂತುಕಂತಾಗಿ ಹೊರಬಂತು. ಇಷ್ಟನ್ನು ಯಾವ ಸ್ಕೌಟ್ ಹುಡುಗನನ್ನು ಕೇಳಿದರೂ ಗಡಗಡನೆ ಹೇಳುತ್ತಾನೆ.

ಆ ಪುಸ್ತಕ ಬಂದ ಮೇಲೆ ನಡೆದ ಸಂಗತಿ ಇದೆಯಲ್ಲ, ಅದು ಇನ್ನೂ ಸೊಗಸಾದದ್ದು. ಪುಸ್ತಕ ಓದಿದ ಹುಡುಗರು ದೊಡ್ಡವರ ಅಪ್ಪಣೆಗೆ ಕಾಯಲಿಲ್ಲ. ಊರೂರಲ್ಲಿ ತಾವೇ ಗುಂಪು ಕಟ್ಟಿಕೊಂಡರು. ಗುಂಪು ಆದಮೇಲೆ, ನಡೆಸಲು ಒಬ್ಬ ಹಿರಿಯರು ಬೇಕಲ್ಲ ಎಂದು ಹುಡುಕಿಕೊಂಡು ಹೊರಟರು. ಪರಿಚಯದ ಮೇಷ್ಟ್ರ ಮನೆಗೆ ಹೋದರು, ಚರ್ಚಿನ ಪಾದ್ರಿಗಳ ಹತ್ತಿರ ಹೋದರು, ನೀವು ನಮ್ಮ ಸ್ಕೌಟ್ ಮಾಸ್ಟರ್ ಆಗಬೇಕು ಎಂದು ದುಂಬಾಲು ಬಿದ್ದರು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಸ್ಕೌಟುಗಳ ದೊಡ್ಡ ಮೇಳ ನಡೆದಾಗ ಕರೆಯದೇ ಇದ್ದರೂ ಹೆಣ್ಣುಮಕ್ಕಳು ಬಂದು ನಿಂತರು, ನಾವೂ ಸ್ಕೌಟುಗಳೇ ಅಂದರು. ಅದರ ಫಲವಾಗಿ ಮರುವರ್ಷ ಗೈಡ್ ಸಂಸ್ಥೆ ಹುಟ್ಟಿತು. ಮಕ್ಕಳು ಮೊದಲು ಬಂದರು, ಅವರು ಕರೆದದ್ದಕ್ಕೆ ದೊಡ್ಡವರು ಬಂದರು. ಸಂಬಳವಿಲ್ಲದೆ ಬಂದರು. ಆವತ್ತಿನಿಂದ ಈವತ್ತಿನವರೆಗೆ ಈ ಚಳವಳಿ ನಿಂತಿರುವುದು ಹಾಗೆ ಬಂದವರ ಮೇಲೆ. ಅವರಿಗೆ ನಾವು ಏನು ಕೊಡುತ್ತಿದ್ದೇವೆ, ಯಾವಾಗ ಕೊಡುತ್ತಿದ್ದೇವೆ ಎಂಬುದನ್ನು ಇವತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಭಾರತದಲ್ಲಿ ಸ್ಕೌಟಿಂಗ್ ಕಾಲಿಟ್ಟದ್ದೇ ನಮ್ಮ ಬೆಂಗಳೂರಿನಲ್ಲಿ, 1909ರಲ್ಲಿ, ಬಿಷಪ್ ಕಾಟನ್ ಶಾಲೆಯಲ್ಲಿ. ಕ್ಯಾಪ್ಟನ್ ಬೇಕರ್ ಎಂಬುವರು ಆ ದಳ ಕಟ್ಟಿದರು. ಆದರೆ ಆಗ ಅದರಲ್ಲಿ ಜಾಗ ಇದ್ದದ್ದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ನಮ್ಮ ಮಕ್ಕಳಿಗೆ ಬಾಗಿಲು ಮುಚ್ಚಿತ್ತು. ಆ ಬಾಗಿಲನ್ನು ತೆರೆಸಿದವರೂ ಸ್ವಂತ ಇಚ್ಛೆಯಿಂದ ಹೆಗಲು ಕೊಟ್ಟವರೇ. ಉತ್ತರದ ಶಹಜಹಾನ್‌ಪುರದಲ್ಲಿ ಶ್ರೀರಾಮ ಬಾಜಪೇಯಿ 1913ರಲ್ಲಿ ಭಾರತೀಯ ಹುಡುಗರ ದಳ ಕಟ್ಟಿದರು. ಆನಿ ಬೆಸೆಂಟ್ ಮದರಾಸಿನಲ್ಲಿ 1916ರಲ್ಲಿ ಭಾರತೀಯ ಮಕ್ಕಳಿಗಾಗಿಯೇ ಒಂದು ಸಂಸ್ಥೆ ತೆರೆದರು. ಎರಡು ವರ್ಷದ ಮೇಲೆ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರೂ ಮತ್ತು ಬಾಜಪೇಯಿ ಸೇರಿ ಸೇವಾ ಸಮಿತಿ ಸ್ಕೌಟ್ ಸಂಸ್ಥೆಯನ್ನು ಸ್ಥಾಪಿಸಿದರು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು, ಬೇರೆಬೇರೆ ಸಂಸ್ಥೆಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ವಿವಿಯನ್ ಬೋಸ್ ತಮ್ಮ ಆಯುಷ್ಯದ ಎಷ್ಟೋ ವರ್ಷಗಳನ್ನು ಸ್ಕೌಟುಗಳಿಗೆ ಕೊಟ್ಟವರು. ಇವರೆಲ್ಲ ಕೈತುಂಬ ಕೆಲಸ ಇದ್ದವರು, ಹೊತ್ತು ಕಳೆಯಲು ಬಂದವರಲ್ಲ.

ಕರ್ನಾಟಕದಲ್ಲಿ ದೊಡ್ಡಬಳ್ಳಾಪುರದ ಸ್ಕೌಟ್ ತರಬೇತಿ ಕೇಂದ್ರಕ್ಕೆ ಆನಿ ಬೆಸೆಂಟ್ ಅವರ ಹೆಸರಿದೆ. ಹರಿಹರದ ಹತ್ತಿರ ಕೊಂಡಜ್ಜಿಯಲ್ಲಿ ಇನ್ನೊಂದು ಕೇಂದ್ರ ಇದೆ. ಸ್ವಾತಂತ್ರ್ಯ ಹೋರಾಟಗಾರ, ಸ್ಕೌಟ್ ಚಳವಳಿಗೂ ದುಡಿದ ಕೊಂಡಜ್ಜಿ ಬಸಪ್ಪನವರ ಹೆಸರು ಕೇಳದ ಸ್ಕೌಟ್ ಮೇಷ್ಟ್ರು ನಮ್ಮ ನಾಡಿನಲ್ಲಿ ಇರಲಾರರು.

ಆ ಕೊಂಡಜ್ಜಿಯಲ್ಲಿ ಒಂದು ಬೆಳಗ್ಗೆ ಕಂಡದ್ದನ್ನು ಹೇಳುತ್ತೇನೆ. ಸ್ಕೌಟ್ ನಾಯಕತ್ವ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಅದು. ಗೈಡ್ ಮಕ್ಕಳ ಶಿಬಿರ. ಧ್ವಜಾರೋಹಣಕ್ಕೆ ಎಲ್ಲರೂ ಸಾಲಾಗಿ ನಿಂತಿದ್ದಾರೆ. ಸ್ಕೌಟ್ ಕ್ರಮದಲ್ಲಿ ಧ್ವಜವನ್ನು ಬಿಡಿಸಿಟ್ಟು ಏರಿಸುವುದಿಲ್ಲ. ಉದ್ದಕ್ಕೆ ಮಡಚಿ, ಸುರುಳಿ ಸುತ್ತಿ, ಹಗ್ಗದ ಒಂದು ಕುಣಿಕೆಯನ್ನು ಒಳಗೆ ಸಿಕ್ಕಿಸಿ ಮೇಲೆ ಏರಿಸುತ್ತಾರೆ. ತುದಿ ಮುಟ್ಟಿದ ಮೇಲೆ ಕೆಳಗಿನಿಂದ ಒಮ್ಮೆ ಜಗ್ಗಿದರೆ ಕುಣಿಕೆ ಬಿಚ್ಚಿ ಧ್ವಜ ಅರಳಬೇಕು. ಅವತ್ತು ಧ್ವಜ ಕಟ್ಟಿದವಳು ಏಳನೇ ತರಗತಿಯ ಹುಡುಗಿ. ಜಗ್ಗಿದಳು, ಬಿಚ್ಚಲಿಲ್ಲ. ಇನ್ನೊಮ್ಮೆ ಜಗ್ಗಿದಳು, ಆಗಲಿಲ್ಲ. ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಒಬ್ಬರು ಮುಂದೆ ಹೆಜ್ಜೆ ಇಟ್ಟೂ ಬಿಟ್ಟರು. ಅವರನ್ನು ಕಣ್ಣಿನಲ್ಲೇ ತಡೆದವರು ಆ ದಳದ ಗೈಡ್ ಕ್ಯಾಪ್ಟನ್, ಒಂದು ಹಳ್ಳಿ ಶಾಲೆಯ ಮೇಡಂ. ತಾವು ಮಾತ್ರ ನಿಂತ ಜಾಗದಿಂದ ಅಲುಗಾಡಲಿಲ್ಲ.

ಹುಡುಗಿಯ ಸಣ್ಣ ಗುಂಪಿನ ನಾಯಕಿ, ಅಂದರೆ ಅವಳ ಪ್ಯಾಟ್ರೋಲ್ ಲೀಡರ್, ಸಾಲಿನಿಂದ ಹೊರಗೆ ಬಂದಳು. ಇಬ್ಬರೂ ಸೇರಿ ಧ್ವಜವನ್ನು ಮೆಲ್ಲಗೆ ಇಳಿಸಿ, ಸುರುಳಿ ಬಿಚ್ಚಿ, ಮತ್ತೆ ಮಡಚಿ ಕಟ್ಟಿದರು. ಬಹಳ ಹೊತ್ತು ಹಿಡಿಯಿತು. ಯಾರೂ ಉಸಿರೆತ್ತಲಿಲ್ಲ. ಎರಡನೆಯ ಸಲ ಧ್ವಜ ಅರಳಿತು. ಮಧ್ಯಾಹ್ನ ಲೀಡರುಗಳೆಲ್ಲ ಕೋರ್ಟ್ ಆಫ್ ಆನರ್‌ಗೆ ಕೂತರು. ದಳದ ಆಗುಹೋಗುಗಳನ್ನು ಮಕ್ಕಳೇ ತೀರ್ಮಾನಿಸುವ ಸಭೆ ಅದು. ಆ ಹುಡುಗಿಯನ್ನೂ ಕರೆಸಿದ್ದರು. ಮೇಡಂ ಒಂದೇ ಪ್ರಶ್ನೆ ಕೇಳಿದರು: “ಯಾಕೆ ಬಿಗಿ ಆಯ್ತಮ್ಮ?” ಹುಡುಗಿ, “ಒಂದು ಸುತ್ತು ಜಾಸ್ತಿ ಸುತ್ತಿಬಿಟ್ಟೆ ಮೇಡಂ” ಅಂದಳು. ಅಲ್ಲಿಗೆ ಮುಗಿಯಿತು. ಮಾರನೆಯ ದಿನವೂ ಧ್ವಜ ಕಟ್ಟುವ ಕೆಲಸ ಅವಳಿಗೇ ಸಿಕ್ಕಿತು.

ಕೈಗೆ ಎಟಕುವ ಕೆಲಸವನ್ನು ತಾನು ಮಾಡದೆ, ಮಗು ಮಾಡುವ ತನಕ ಕಾಯುವುದು ಬಹಳ ಕಷ್ಟ. ಬೇಡನ್ ಪೊವೆಲ್ ನಾಯಕರಿಗಾಗಿಯೇ ಬರೆದ ಪುಸ್ತಕದಲ್ಲಿ ಸ್ಕೌಟ್ ಮಾಸ್ಟರ್ ಮಕ್ಕಳಿಗೆ ಅಣ್ಣನ ಹಾಗೆ ಇರಬೇಕು, ಪಾಠ ಹೇಳುವ ಮೇಷ್ಟ್ರ ಹಾಗೂ ಅಲ್ಲ, ಹುಕುಂ ಕೊಡುವ ದಂಡನಾಯಕನ ಹಾಗೂ ಅಲ್ಲ ಎಂಬ ಅರ್ಥದ ಮಾತು ಹೇಳಿದ್ದಾರೆ. ಆರೆಂಟು ಮಕ್ಕಳ ಪ್ಯಾಟ್ರೋಲ್, ಅದಕ್ಕೊಬ್ಬ ಲೀಡರ್, ಲೀಡರುಗಳದೇ ಒಂದು ಸಭೆ, ಈ ಏರ್ಪಾಡು ಇರುವುದೇ ದೊಡ್ಡವರು ಒಂದು ಹೆಜ್ಜೆ ಹಿಂದೆ ನಿಲ್ಲಲಿ ಎಂದು. ತೊಂದರೆ ಇರುವುದೂ ಇಲ್ಲೇ. ಹಿಂದೆ ನಿಂತವರು ಫೋಟೊದಲ್ಲಿ ಬೀಳುವುದಿಲ್ಲ. ಕೆಲಸ ಚೆನ್ನಾಗಿ ಮಾಡಿದಷ್ಟೂ ಅವರು ಕಣ್ಣಿಗೆ ಬೀಳುವುದು ಕಡಿಮೆ.

ಇವರು ಯಾರು? ನಮ್ಮ ರಾಜ್ಯದಲ್ಲಿ ಹೆಚ್ಚಿನ ದಳಗಳು ಶಾಲೆಗಳಲ್ಲಿವೆ, ಹಾಗಾಗಿ ಹೆಚ್ಚಿನವರು ಶಿಕ್ಷಕರು. ಕೆಲವು ಕಡೆ ಬಡಾವಣೆಗಳಲ್ಲಿ ಶಾಲೆಗೆ ಸೇರದ ಮುಕ್ತ ದಳಗಳಿವೆ, ರೈಲ್ವೆ ನೌಕರರು ನಡೆಸುವ ದಳಗಳಿವೆ. ಶಿಕ್ಷಕರದ್ದು ಹೇಗೂ ಸರ್ಕಾರದ ಸಂಬಳ, ಇದರಲ್ಲಿ ಸ್ವಯಂಸೇವೆ ಏನು ಬಂತು ಎಂದು ಕೇಳುವವರಿದ್ದಾರೆ. ಅವರು ಒಂದು ಶಿಬಿರಕ್ಕೆ ಹೋಗಿ ನೋಡಬೇಕು. ಶಿಬಿರಕ್ಕೆ ಒಂದು ತಿಂಗಳು ಮುಂಚೆಯೇ ಪೋಷಕರ ಒಪ್ಪಿಗೆ ಪತ್ರಕ್ಕೆ ಮನೆಮನೆ ಅಲೆಯಬೇಕು. ಹೆಣ್ಣುಮಕ್ಕಳ ಅಮ್ಮಂದಿರಿಗೆ ಧೈರ್ಯ ಹೇಳಬೇಕು. ಒಒಡಿ, ಅಂದರೆ ಅನ್ಯ ಕರ್ತವ್ಯದ ಆದೇಶಕ್ಕೆ ಕಚೇರಿಗೆ ತಿರುಗಬೇಕು. ಹಗ್ಗ, ಬ್ಯಾಂಡೇಜು, ಸ್ಕಾರ್ಫ್ ಇಲ್ಲದ ಮಗುವಿಗೆ ಒಂದು ಸ್ಕಾರ್ಫ್, ಇದಕ್ಕೆಲ್ಲ ಕೈಯಿಂದ ಹೋಗುವ ದುಡ್ಡನ್ನು ಯಾರೂ ಲೆಕ್ಕ ಇಡುವುದಿಲ್ಲ. ಶಿಬಿರದ ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಡೇರೆಯಿಂದ ಡೇರೆಗೆ ಹೋಗಿ ಹೊದಿಕೆ ಜಾರಿದವರಿಗೆ ಹೊದಿಸಿ, ತಲೆ ಎಣಿಸಿ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಕೆಲಸ ಯಾವ ಸಂಬಳದ ಪಟ್ಟಿಯಲ್ಲೂ ಇಲ್ಲ. ಇತ್ತ ಅವರದೇ ಮನೆಯಲ್ಲಿ ಸಣ್ಣ ಮಕ್ಕಳಿರುತ್ತಾರೆ, ವಯಸ್ಸಾದ ಅತ್ತೆಯೋ ತಾಯಿಯೋ ಇರುತ್ತಾರೆ. ಗೈಡ್ ಕ್ಯಾಪ್ಟನ್ ಶಿಬಿರಕ್ಕೆ ಹೊರಟರೆ ಮನೆಯಲ್ಲಿ ಇನ್ನೊಬ್ಬರು ಸ್ವಯಂಸೇವಕರಾಗಲೇಬೇಕು. ಅವರ ಹೆಸರನ್ನಂತೂ ನಾವು ಎಲ್ಲಿಯೂ ಬರೆದುಕೊಂಡಿಲ್ಲ.

ಈಗ ಗೌರವದ ವಿಷಯಕ್ಕೆ ಬರೋಣ. ಸ್ಕೌಟಿಂಗ್ ಮಕ್ಕಳನ್ನು ಗುರುತಿಸುವ ರೀತಿ ನಿಜಕ್ಕೂ ಅಚ್ಚುಕಟ್ಟಾದದ್ದು. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ನಡುವೆ ಪ್ರಥಮ ಚಿಕಿತ್ಸೆ, ಅಡುಗೆ ಮುಂತಾದವಕ್ಕೆ ಬೇರೆಬೇರೆ ಪ್ರಾವೀಣ್ಯತಾ ಬ್ಯಾಡ್ಜುಗಳು. ಒಂದು ಮಗು ರೀಫ್ ನಾಟ್, ಕ್ಲೋವ್ ಹಿಚ್ ಗಂಟುಗಳನ್ನು ಕಲಿತರೆ ಅದು ಲಾಗ್ ಬುಕ್‌ನಲ್ಲಿ ಬರುತ್ತದೆ, ತೋಳಿನ ಮೇಲೆ ಬರುತ್ತದೆ, ಇಡೀ ದಳದ ಎದುರಿಗೆ ಬರುತ್ತದೆ. ಏನು ಕಲಿತದ್ದಕ್ಕೆ ಈ ಬ್ಯಾಡ್ಜು ಎಂದು ಮಗುವಿಗೂ ಗೊತ್ತು, ನೋಡುವವರಿಗೂ ಗೊತ್ತು. ಮುಂದಿನ ಮೆಟ್ಟಿಲು ಕಣ್ಣೆದುರಿಗೇ ಇದೆ.

ದೊಡ್ಡವರಿಗೆ? ದೀರ್ಘಾವಧಿ ಸೇವಾ ಪದಕ ಇದೆ. ಮೆಡಲ್ ಆಫ್ ಮೆರಿಟ್ ಇದೆ, ಅದರ ಮೇಲೆ ಬೆಳ್ಳಿ ನಕ್ಷತ್ರ, ಎಲ್ಲಕ್ಕಿಂತ ಮೇಲೆ ಬೆಳ್ಳಿ ಆನೆ. ವಿಶ್ವ ಮಟ್ಟದಲ್ಲಿ ಕಂಚಿನ ತೋಳ ಇದೆ, ಮೊದಲು 1935ರಲ್ಲಿ ಬೇಡನ್ ಪೊವೆಲ್ ಅವರಿಗೇ ಕೊಟ್ಟದ್ದು. ನಮ್ಮ ದೇಶದ ಲಕ್ಷ್ಮಿ ಮಜುಂದಾರ್ ಅವರಿಗೆ 1969ರಲ್ಲಿ ಅದು ಬಂತು. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನ ರಾಷ್ಟ್ರೀಯ ಆಯುಕ್ತರಾಗಿ ಬಹುಕಾಲ ದುಡಿದ ಅವರಿಗೆ ಅದು ಬಂದದ್ದು ಎಲ್ಲರೂ ಹೆಮ್ಮೆಪಡಬೇಕಾದ ಸಂಗತಿ. ಈ ಪದಕಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಇವುಗಳಿಗೂ ವಾರವಾರ ಮೈದಾನದಲ್ಲಿ ನಿಲ್ಲುವ ಮೇಷ್ಟ್ರಿಗೂ ನಡುವೆ ದೂರ ಬಹಳ. ಪದಕ ಬರುವ ಹೊತ್ತಿಗೆ ತಲೆ ನರೆತಿರುತ್ತದೆ. ದಳ ನಡೆಸುವವರಿಗಿಂತ ಪದವಿಯಲ್ಲಿ ಕೂತವರು ಬೇಗ ಕಣ್ಣಿಗೆ ಬೀಳುವುದು ಯಾವ ಸಂಸ್ಥೆಗೂ ತಪ್ಪಿದ್ದಲ್ಲ, ಇಲ್ಲಿಯೂ ಆ ಅಪಾಯ ಇದೆ. ಒಂದು ಸನ್ಮಾನ ಸಮಾರಂಭದಲ್ಲಿ ನಾನು ಕಂಡದ್ದು: ಅತಿಥಿಗಳಿಗೆ ಹಾರ ಶಾಲು ಆಗುವಷ್ಟರಲ್ಲೇ ಊಟದ ಹೊತ್ತಾಯಿತು. ಕೊನೆಗೆ ಸ್ಕೌಟ್ ಶಿಕ್ಷಕರನ್ನು ಒಟ್ಟಿಗೇ ವೇದಿಕೆ ಮೇಲೆ ಕರೆದು ಪ್ರಮಾಣಪತ್ರ ಹಂಚಿಬಿಟ್ಟರು. ಯಾರು ಏನು ಮಾಡಿದ್ದಕ್ಕೆ ಎಂದು ಒಂದು ಮಾತೂ ಇಲ್ಲ. ಅವರ ದಳದ ಮಕ್ಕಳಲ್ಲಿ ಒಬ್ಬರೂ ಅಲ್ಲಿ ಇರಲಿಲ್ಲ.

ಮಗುವಿಗೆ ಮಾಡುವುದನ್ನೇ ದೊಡ್ಡವರಿಗೂ ಮಾಡಿ ಎಂಬುದೇ ನನ್ನ ಒತ್ತಾಯ. ಬೇಗ ಕೊಡಿ, ಏನು ಮಾಡಿದ್ದಕ್ಕೆ ಎಂದು ಹೇಳಿ ಕೊಡಿ, ಅವರ ದಳದ ಎದುರಿಗೆ ಕೊಡಿ.

ಇದು ಹೊಸ ಮಾತಲ್ಲ, ಚಳವಳಿಯ ಒಳಗೇ ಇದಕ್ಕೆ ಮಾದರಿ ಇದೆ. 1919ರಲ್ಲಿ ಲಂಡನ್ನಿನ ಹತ್ತಿರ ಗಿಲ್ವೆಲ್ ಎಂಬ ಜಾಗವನ್ನು ಮ್ಯಾಕ್ಲಾರೆನ್ ಎಂಬ ದಾನಿ ಕೊಂಡುಕೊಟ್ಟರು. ಆ ಸೆಪ್ಟೆಂಬರಿನಲ್ಲಿ ಸ್ಕೌಟ್ ಮಾಸ್ಟರುಗಳಿಗೆ ಮೊದಲ ತರಬೇತಿ ಅಲ್ಲಿ ನಡೆಯಿತು. ತರಬೇತಿ ಮುಗಿಸಿದವರಿಗೆ ಕೊಡಲು ಬೇಡನ್ ಪೊವೆಲ್ ಆರಿಸಿದ್ದು ಸಣ್ಣ ಮರದ ಮಣಿಗಳನ್ನು. 1888ರಲ್ಲಿ ಜುಲು ನಾಡಿನ ದಂಡಯಾತ್ರೆಯ ಕಾಲದಲ್ಲಿ ಅವರ ಕೈ ಸೇರಿದ್ದ ದೊರೆ ದಿನುಜುಲುವಿನ ಹಾರದ ಮಣಿಗಳು ಅವು. ಸೋತ ನಾಡಿನ ದೊರೆಯದು ಎಂಬುದನ್ನು ಆ ಕಥೆ ಹೇಳುವಾಗ ನಾವು ಮುಚ್ಚಿಡಬಾರದು, ಮಕ್ಕಳಿಗೂ ಹೇಳಬೇಕು. ಆಮೇಲೆ ಅದೇ ಮಾದರಿಯ ಮಣಿಗಳನ್ನು ಮಾಡಿಸಿ ಲೋಕದ ಎಲ್ಲ ಕಡೆ ಕೊಡುತ್ತಾ ಬಂದರು. ಅದೇ ವುಡ್ ಬ್ಯಾಡ್ಜ್. ನಮ್ಮಲ್ಲಿ ಹಿಮಾಲಯ ವುಡ್ ಬ್ಯಾಡ್ಜ್ ಅನ್ನುತ್ತೇವೆ. ಬೇಸಿಕ್, ಅಡ್ವಾನ್ಸ್ಡ್ ತರಬೇತಿ ದಾಟಿ ಬಂದವರಿಗೆ ಅದು ಸಲ್ಲುತ್ತದೆ. ಚರ್ಮದ ದಾರದಲ್ಲಿ ಎರಡು ಮಣಿ, ತರಬೇತುದಾರರಾದರೆ ಮೂರು ಅಥವಾ ನಾಲ್ಕು.

ಮಧ್ಯಪ್ರದೇಶದ ಪಚ್‌ಮಢಿಯ ರಾಷ್ಟ್ರೀಯ ಕೇಂದ್ರದಲ್ಲಾಗಲಿ ನಮ್ಮ ದೊಡ್ಡಬಳ್ಳಾಪುರದಲ್ಲಾಗಲಿ ಈ ತರಬೇತಿಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ದೊಡ್ಡವರೇ ಮಕ್ಕಳಂತೆ ಪ್ಯಾಟ್ರೋಲ್ ಆಗಿ ಬದುಕುತ್ತಾರೆ. ಮುಖ್ಯೋಪಾಧ್ಯಾಯರು ತಮ್ಮ ತಟ್ಟೆ ತಾವೇ ತೊಳೆಯುತ್ತಾರೆ. ಐವತ್ತು ದಾಟಿದ ಮೇಷ್ಟ್ರು ಒಲೆ ಹೊತ್ತಿಸಲು ಕಣ್ಣೀರು ಸುರಿಸುತ್ತಾ ಊದುತ್ತಾರೆ, ಇಪ್ಪತ್ತೈದರ ಹುಡುಗಿ ಅವರ ಪ್ಯಾಟ್ರೋಲಿನ ಲೀಡರ್ ಆಗಿರುತ್ತಾಳೆ. ಆ ಮಣಿ ಹುದ್ದೆ ನೋಡಿ ಬರುವುದಿಲ್ಲ, ಕಲಿತದ್ದಕ್ಕೆ ಬರುತ್ತದೆ. ಅದಕ್ಕೇ ಸ್ಕೌಟ್ ಮೇಷ್ಟ್ರುಗಳು ಅದನ್ನು ಬೆಳ್ಳಿಯ ಪದಕದಷ್ಟೇ ಜೋಪಾನ ಮಾಡುತ್ತಾರೆ.

ಒಂದು ಎಚ್ಚರದ ಮಾತು ಇಲ್ಲಿ ಹೇಳಲೇಬೇಕು. ಹಿರಿಯರನ್ನು ಗೌರವಿಸುವುದು ಬೇರೆ, ಕಣ್ಣುಮುಚ್ಚಿ ನಂಬುವುದು ಬೇರೆ. ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆಯಲ್ಲಿ ಸ್ವಯಂಸೇವಕರಿಗೆ ಪದಕಗಳ ಕೊರತೆ ಇರಲಿಲ್ಲ. ಸಿಲ್ವರ್ ಬೀವರ್ ಪ್ರಶಸ್ತಿ 1931ರಿಂದ ಇದೆ, ಅದಕ್ಕೆ ತಾನೇ ಅರ್ಜಿ ಹಾಕುವಂತಿಲ್ಲ, ಬೇರೆಯವರೇ ಹೆಸರು ಸೂಚಿಸಬೇಕು. ಒಳ್ಳೆಯ ಪದ್ಧತಿ. ಆದರೂ ಅದೇ ಸಂಸ್ಥೆ 2020ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು. ಬಾಲ್ಯದಲ್ಲಿ ಸ್ಕೌಟ್ ನಾಯಕರಿಂದಲೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾದೆವು ಎಂದು 82 ಸಾವಿರಕ್ಕೂ ಹೆಚ್ಚು ಮಂದಿ ದೂರು ಕೊಟ್ಟರು. ಎಷ್ಟೋ ಕಡೆ ಊರಿನ ಗೌರವವೇ ಅಂಥವರಿಗೆ ಮರೆಯಾಗಿ ನಿಂತಿತ್ತು. ಹಾಗಾಗಿ ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಯಾರಿಗೂ ಕಾಣದ ಕಡೆ ಒಂಟಿಯಾಗಿ ಇರಬಾರದು, ಹೆಣ್ಣುಮಕ್ಕಳ ಶಿಬಿರಕ್ಕೆ ಮಹಿಳಾ ನಾಯಕಿಯರು ಇರಲೇಬೇಕು, ಮಗು ದೂರು ಹೇಳಿದರೆ ಮೊದಲು ಕೇಳಬೇಕು. ಎಷ್ಟೇ ಪದಕ ಇದ್ದವರಿಗೂ ಈ ನಿಯಮ ಸಡಿಲವಾಗಬಾರದು. ಒಳ್ಳೆಯ ನಾಯಕರು ಈ ನಿಯಮಗಳಿಗೆ ಬೇಸರಪಡುವುದಿಲ್ಲ, ತಾವೇ ಮುಂದೆ ನಿಂತು ಪಾಲಿಸುತ್ತಾರೆ.

ಹಾಗಾದರೆ ಏನು ಮಾಡಬಹುದು? ಮುಖ್ಯೋಪಾಧ್ಯಾಯರು ಮಾಡಬಹುದಾದ್ದು ಬಹಳ ಇದೆ, ಖರ್ಚೂ ಇಲ್ಲ. ಸೋಮವಾರದ ಪ್ರಾರ್ಥನೆಯ ಹೊತ್ತಿಗೆ, ಕಳೆದ ವಾರ ನಮ್ಮ ಸ್ಕೌಟ್ ಮೇಷ್ಟ್ರು ಮಕ್ಕಳನ್ನು ಕರೆದುಕೊಂಡು ಹೋಗಿ ಇಂಥ ಕೆಲಸ ಮಾಡಿಸಿ ಬಂದರು ಎಂದು ಹೆಸರು ಹಿಡಿದು ಎರಡು ಮಾತು ಹೇಳಿ. ಶಿಬಿರಕ್ಕೆ ಹೋದ ಶಿಕ್ಷಕರ ತರಗತಿಗಳನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನು ಮುಂಚೆಯೇ ಹಂಚಿ. ವಾಪಸ್ ಬಂದ ದಿನ, “ಹೋಗಿ ಹಾಯಾಗಿ ಬಂದ್ರಾ?” ಎಂಬ ಕುಹಕ ಸ್ಟಾಫ್ ರೂಮಿನಲ್ಲಿ ಕೇಳಬಾರದು. ಎಷ್ಟೋ ಜನ ಒಳ್ಳೆಯ ಸ್ಕೌಟ್ ಶಿಕ್ಷಕರು ಕೆಲಸದ ಭಾರಕ್ಕಿಂತ ಈ ಮಾತಿಗೆ ಸೋತು ಕೈಬಿಟ್ಟಿದ್ದಾರೆ. ಶಾಲೆಗೆ ಹೊಸದಾಗಿ ಬಂದವರ ತಲೆಗೆ ಈ ಜವಾಬ್ದಾರಿ ಕಟ್ಟುವ ಅಭ್ಯಾಸವನ್ನೂ ಬಿಡಬೇಕು. ಯಾರಿಗೆ ಮನಸ್ಸಿದೆ ಎಂದು ಕೇಳಿ, ಮನಸ್ಸಿದ್ದವರನ್ನು ಮೊದಲು ತರಬೇತಿಗೆ ಕಳಿಸಿ, ಆಮೇಲೆ ದಳ ಕೊಡಿ.

ಶಿಕ್ಷಣ ಇಲಾಖೆಯಲ್ಲಿ ಒಂದು ಪ್ರಾರ್ಥನೆ. ತರಬೇತಿ ಮುಗಿಸಿದ್ದು, ದಳ ನಡೆಸಿದ್ದು ಶಿಕ್ಷಕರ ಸೇವಾ ಪುಸ್ತಕದಲ್ಲಿ ದಾಖಲಾಗಲಿ. ಒಒಡಿ ಆದೇಶ ಶಿಬಿರ ಮುಗಿದ ಮೇಲೆ ಕೈಗೆ ಬರುವಂತಾಗಬಾರದು. ಜಿಲ್ಲಾ ಸಂಸ್ಥೆಗಳು ಪದಕಕ್ಕೆ ಹೆಸರು ಕಳಿಸುವಾಗ ಆ ದಳದಲ್ಲಿ ಬೆಳೆದ ಹಳೆಯ ಮಕ್ಕಳನ್ನು ಕೇಳಲಿ. ಕಾಗದಪತ್ರದಲ್ಲಿ ಇಲ್ಲದ್ದು ಅವರಿಗೆ ಗೊತ್ತಿರುತ್ತದೆ. ಪದಕವನ್ನು ಆ ಶಾಲೆಗೇ ಹೋಗಿ, ಆ ಮಕ್ಕಳ ಎದುರಿಗೆ, ಮನೆಯವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಕೊಡಲಿ. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಸ್ಕೌಟ್ ಗೈಡುಗಳ ಸಾಂಸ್ಕೃತಿಕ ಜಾಂಬೂರಿ ನಡೆದಾಗ ಸಾವಿರಾರು ಮಕ್ಕಳು ಬಂದಿದ್ದರು. ಆ ಪ್ರತಿಯೊಂದು ದಳದ ಜೊತೆ ಬಸ್ಸಿನಲ್ಲಿ ರಾತ್ರಿಯಿಡೀ ಎಚ್ಚರ ಕೂತು ಬಂದ ಒಬ್ಬರು ಇದ್ದರು. ಅಂಥ ಮೇಳಗಳಲ್ಲಿ ಒಂದು ಸಂಜೆಯನ್ನು ಪೂರ್ತಿ ಅವರಿಗೇ ಮೀಸಲಿಡಬಹುದು. ನಡೆಸಿಕೊಡಲು ಮಕ್ಕಳಿದ್ದಾರೆ.

ಕೊನೆಯದಾಗಿ, ಈ ಮಾತು ಕೇಳುತ್ತಿರುವ ಹಳೆಯ ಸ್ಕೌಟುಗಳಿಗೆ, ಗೈಡುಗಳಿಗೆ. ನಿಮ್ಮಲ್ಲಿ ಬ್ಯಾಂಕಿನಲ್ಲಿ ಇರುವವರಿದ್ದೀರಿ, ಹೊಲದಲ್ಲಿ ದುಡಿಯುವವರಿದ್ದೀರಿ, ಮನೆ ನಡೆಸುವವರಿದ್ದೀರಿ. ನಿಮಗೆ ಗಂಟು ಕಟ್ಟಲು ಹೇಳಿಕೊಟ್ಟವರು ಇನ್ನೂ ಇದ್ದರೆ ಅವರಿಗೊಂದು ಕಾಗದ ಬರೆಯಿರಿ. ಚೆನ್ನಾಗಿದ್ದೀರಾ ಎಂದು ಕೇಳಿ ನಿಲ್ಲಿಸಬೇಡಿ, ಅವರಿಂದ ಕಲಿತ ಯಾವ ಒಂದು ಸಂಗತಿ ನಿಮಗೆ ಯಾವಾಗ ಉಪಯೋಗಕ್ಕೆ ಬಂತು ಎಂದು ಬರೆಯಿರಿ. ಅದರದೇ ಒಂದು ಪ್ರತಿಯನ್ನು ನಿಮ್ಮ ಜಿಲ್ಲೆಯ ಸ್ಕೌಟ್ಸ್ ಅಂಡ್ ಗೈಡ್ಸ್ ಕಚೇರಿಗೂ ಕಳಿಸಿ. ವಾರಕ್ಕೆ ಎರಡು ಗಂಟೆ ಬಿಡುವು ಇದ್ದರೆ ಹತ್ತಿರದ ಶಾಲೆಗೆ ಹೋಗಿ, ಸಹಾಯಕರಾಗಿ ನಿಲ್ಲುತ್ತೇನೆ ಎಂದು ಆ ಮೇಷ್ಟ್ರಿಗೆ, ಆ ಮೇಡಂಗೆ ಹೇಳಿ.